ಕಾಣದ ದೀಪಕ್ಕೂ ಗುಂಡಿ ಒತ್ತಿದವಳು

ಕೋರಮಂಡಲ್, ಕೆಜಿಎಫ್
೧೨ ನವೆಂಬರ್ ೨೦೨೪

ಪ್ರೀತಿಯ ಶ್ಯಾಮಲಕ್ಕನಿಗೆ, ಬೈಯುವ ಮೊದಲು ಪೂರ್ತಿ ಓದು ಎಂದು ಬೇಡಿಕೊಳ್ಳುವ ತಂಗಿ ರಾಧಳ ನಮಸ್ಕಾರ.

ಹೋದ ಬುಧವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಚಲಪತಿ ಭಾವ ನೋಡಿದ್ದು ನನ್ನನ್ನೇ. ನಾನಲ್ಲ, ನನ್ನ ಹಾಗಿರುವ ಇನ್ಯಾರೋ ಎಂದು ಫೋನಿನಲ್ಲಿ ಆಣೆ ಇಟ್ಟೆನಲ್ಲ, ಅದು ಶುದ್ಧ ಸುಳ್ಳು. "ನಿನ್ ತಂಗೀಗೆ ಕೊಬ್ಬು ಬಂದೈತೆ, ಎಡಗಡೆ ಮೂರು ಮಾರು ದೂರ ನಿಂತು ಕೈ ಬೀಸಿದ್ರೂ ಮಾತಾಡ್ಸಲಿಲ್ಲ" ಎಂದು ಭಾವ ಎರಡು ದಿನ ಊಟ ಬಿಟ್ಟರಂತೆ. ಎರಡು ದಿನ ಎಂಬುದನ್ನು ನಾನು ನಂಬುವುದಿಲ್ಲ, ಆದರೆ ಕೋಪ ನ್ಯಾಯವಾದದ್ದೇ. ಅಕ್ಕ, ಅವರು ನನಗೆ ಕಾಣಲೇ ಇಲ್ಲ. ಅಷ್ಟು ದಪ್ಪ ಮನುಷ್ಯ ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ ಎಂದು ಸುಳ್ಳು ಹೇಳಿದೆ.

ನನ್ನ ಲೂಪಸ್ ನಿನಗೆ ಗೊತ್ತೇ ಇದೆ. ಏಳು ವರ್ಷದಿಂದ ಕೀಲುನೋವು, ಬಿಸಿಲಿಗೆ ಹೋದರೆ ಕೆನ್ನೆ ಕೆಂಪು. ಈ ಕಾಯಿಲೆ ಇದ್ದವರಿಗೆ ಗ್ಲಾಕೋಮಾ ಬರುವ ಸಂಭವ ಬೇರೆಯವರಿಗಿಂತ ಹೆಚ್ಚಂತೆ. ಜೊತೆಗೆ ನಾನು ನುಂಗುವ ಸ್ಟೀರಾಯ್ಡ್ ಮಾತ್ರೆಯಿಂದಲೂ ಕಣ್ಣೊಳಗಿನ ಒತ್ತಡ ಏರಬಹುದಂತೆ. ನೋವಿಲ್ಲ, ಕೆಂಪಿಲ್ಲ, ನೋಟ ಅಂಚಿನಿಂದ ಸದ್ದಿಲ್ಲದೆ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಪ್ರತಿ ವರ್ಷ ಕಣ್ಣು ತೋರಿಸಿ ಎಂದು ಡಾಕ್ಟರು ನಾಲ್ಕು ವರ್ಷದಿಂದ ಚೀಟಿ ಬರೆದುಕೊಡುತ್ತಿದ್ದರು. ನಾನು ನಾಲ್ಕೂ ಚೀಟಿಗಳನ್ನು ಬಹಳ ಭದ್ರವಾಗಿ ಇಟ್ಟಿದ್ದೆ. ಬಾಗಿಲಿಗೆ ಎಡಭುಜ ಬಡಿದಾಗಲೆಲ್ಲ ನಮ್ಮ ಯಜಮಾನರ ಮೇಲೆ ರೇಗಿ ಸುಮ್ಮನಾಗುತ್ತಿದ್ದೆ. ಪಾಪ, ಬಾಗಿಲನ್ನು ಕಾಂತರಾಜ್ ಏನು ಸರಿಸಿದ್ದರೇ?

ಕೊನೆಗೆ ಬುಧವಾರ ನಿಮ್ಮೂರಿನ ಕಣ್ಣಿನ ಆಸ್ಪತ್ರೆಗೇ ಬಂದೆ. ಒಂದು ದೊಡ್ಡ ಬಿಳಿ ಬೋಗುಣಿಯೊಳಗೆ ಮುಖ ಇಡಬೇಕು. ಅಲ್ಲಲ್ಲಿ ಚಿಕ್ಕ ದೀಪ ಮಿನುಗುತ್ತದೆ, ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಆದರೆ ನಮ್ಮ ಮನೆಯಲ್ಲಿ ಕಣ್ಣಿನ ಪರೀಕ್ಷೆ ಎಂದರೆ ಪಾಸಾಗುವುದು ತಾನೇ? ಚಿನ್ನದ ಗಣಿಯ ಮೆಡಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಅಪ್ಪ ಬೋರ್ಡಿನ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡುತ್ತಿದ್ದರು. "ಲೇ ರಾಧಾ, ಕೊನೇ ಲೈನ್ ಇನ್ನೊಂದ್ಕಿತ ಒಪ್ಪಿಸ್ಕೊಳ್ಳೇ" ಎಂದು ನಮ್ಮನ್ನು ಮಲಗಲು ಬಿಡುತ್ತಿರಲಿಲ್ಲ. ಅನ್‌ಫಿಟ್ ಎಂದು ಬರೆದರೆ ಕೆಲಸ ಹೋಯಿತು ಎಂಬ ಭಯ ಅವರಿಗೆ.

ನಾನೂ ಅವರ ಮಗಳೇ. ದೀಪಗಳು ಹೆಚ್ಚುಕಡಿಮೆ ಒಂದೇ ತಾಳದಲ್ಲಿ ಬರುತ್ತವೆ ಎಂದು ಎರಡೇ ನಿಮಿಷದಲ್ಲಿ ಕಂಡುಹಿಡಿದೆ. ಕಂಡರೂ ಒತ್ತಿದೆ, ಕಾಣದಿದ್ದರೂ ಒತ್ತಿದೆ, ರ‍್ಯಾಂಕ್ ಬಂದವಳ ಹಾಗೆ ಹೊರಗೆ ಬಂದೆ. ಅಲ್ಲಿ ಪರೀಕ್ಷೆ ಮಾಡುವ ಸೆಲ್ವರಾಜ್ ರಿಪೋರ್ಟು ನೋಡಿ ತಲೆ ಕೆರೆದುಕೊಂಡು, "ಅಕ್ಕಾ, ಮಧ್ಯ ಮಧ್ಯ ಮಿಷನ್ನು ದೀಪಾನೇ ಆಕಲ್ಲ, ಸುಮ್ನೆ ಸೌಂಡ್ ಮಾಡ್ತದೆ. ಅದಕ್ಕೂ ಒತ್ತಿಬಿಟ್ಟಿದೀರಲ್ಲ!" ಎಂದ. ಡಾಕ್ಟರಮ್ಮ ನಕ್ಕರು, ಆಮೇಲೆ ನಗಲಿಲ್ಲ. ಇಲ್ಲಿ ಯಾರೂ ನಿಮ್ಮನ್ನು ಕೆಲಸದಿಂದ ತೆಗೆಯುವುದಿಲ್ಲ, ಮೋಸ ಹೋಗುವುದು ನಿಮ್ಮ ಕಣ್ಣೇ, ಇನ್ನೊಮ್ಮೆ ಬಂದು ನಿಜ ಒತ್ತಿ ಎಂದರು. ನಾಚಿಕೆಯಿಂದ ನೆಟ್ಟಗೆ ಸ್ಟೇಷನ್ನಿಗೆ ಓಡಿದೆ. ಭಾವ ಕೈ ಬೀಸಿದ್ದು ಆಗಲೇ.

ಮುಂದಿನ ವಾರ ಮತ್ತೆ ಹೋಗುತ್ತೇನೆ. ಹಾಳು ಮಾತ್ರೆ ಬಿಟ್ಟುಬಿಡು ಎಂದು ಮಾತ್ರ ಶುರು ಮಾಡಬೇಡ ಮಾರಾಯ್ತಿ, ಡಾಕ್ಟರನ್ನು ಕೇಳದೆ ಬಿಡಬಾರದಂತೆ. ಭಾವನಿಗೆ ನನ್ನ ಕ್ಷಮೆ ತಿಳಿಸು. ಇನ್ನು ಮುಂದೆ ದಯವಿಟ್ಟು ನನ್ನ ಬಲಗಡೆ ನಿಂತು ಕೋಪ ಮಾಡಿಕೊಳ್ಳಲಿ.

ಕೊಬ್ಬು ಖಂಡಿತ ಬಂದಿರದ,
ನಿನ್ನ ರಾಧ

ಮತ್ತೊಂದು ಮಾತು: ಮುಂದಿನ ವಾರ ಎಂದದ್ದೂ ಸುಳ್ಳು. ನಿನ್ನೆಯೇ ಹೋಗಿ ಬಂದೆ, ಯಾರಿಗೂ ಹೇಳದೆ. ಕಂಡಾಗ ಮಾತ್ರ ಒತ್ತಿದೆ. ಎಡಗಣ್ಣಿನ ಸರದಿ ಬಂದಾಗ ಗುಂಡಿ ಹಿಡಿದು ಎಷ್ಟು ಹೊತ್ತು ಕಾದೆ ಅಕ್ಕ, ಏನೂ ಬರಲೊಲ್ಲದು. ಅಂಚಿನ ನೋಟ ಹೋಗಿದೆ. ಉಳಿದದ್ದನ್ನು ದಿನಾ ಹನಿ ಹಾಕಿಕೊಂಡು ಉಳಿಸಿಕೊಳ್ಳಬಹುದಂತೆ. ಶುಕ್ರವಾರ ಮಾರಿಕುಪ್ಪಂ ರೈಲು ಹತ್ತಿ ಬಾ, ನಾಲ್ಕು ದಿನ ಇರು. ಹನಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಅಳದೆ ಇರಬೇಕು. ಇವರು ಡ್ಯೂಟಿಗೆ ಹೋದ ಮೇಲೆ ಒಬ್ಬಳೇ ಇದ್ದರೆ ನನ್ನಿಂದ ಅದು ಆಗುತ್ತಿಲ್ಲ.