ಒಂಬತ್ತನೇ ಬೆಡ್‌ನ ಬೆಲ್

ಮಾರ್ಚ್ 4, ಮಧ್ಯಾಹ್ನ 3

ಮತ್ತೆ ಅದೇ. ಮೇಜಿನ ಮೇಲೆ ಆಸ್ಪತ್ರೆ ಬೆಲ್ಲು, ವೈರು, ಪುಟ್ಟ ದೀಪ. ಒತ್ತು, ದೀಪ ಹತ್ತಿತಾ ನೋಡು, ಆರಿಸು. ಇನ್ನೂರು ಸಲ. ಎಲ್ಲಾ ಸರಿ.

ಜನವರಿಯಲ್ಲೂ ಹೀಗೇ ನೋಡಿ ‘ಸಾಫ್ಟ್‌ವೇರ್‌ನಲ್ಲಿ ದೋಷವಿಲ್ಲ’ ಅಂತ ಸಹಿ ಹಾಕಿದ್ದೆ. ಒಂಬತ್ತನೇ ಬೆಡ್‌ನ ಅಜ್ಜಿ ಬಿದ್ದು ಸತ್ತಿದ್ದರು. ಬೆಲ್ ಒತ್ತಿದ್ದು ದಾಖಲಾಗಿದೆ, ನರ್ಸ್ ಕೇಳಿಸಿಕೊಂಡೂ ಹೋಗಲಿಲ್ಲ ಅಂತ ತೀರ್ಮಾನ. ಆಕೆಯನ್ನ ಕೆಲಸದಿಂದ ತೆಗೆದರು.

ಈಗ ಇನ್ನೊಂದು ಆಸ್ಪತ್ರೆಯಿಂದ ಅದೇ ದೂರು, ಒತ್ತಿದರೂ ಬೆಲ್ ಸದ್ದು ಮಾಡಲಿಲ್ಲ ಅಂತ...

ಮಾರ್ಚ್ 6

ಸಿಕ್ತು. ಸಿಗಬಾರದಿತ್ತು.

ರೋಗಿಯ ಬೆಡ್ ಬದಲಾಯಿಸಿದಾಗ ಹಳೇ ಬೆಡ್‌ನ ಮೆಮೊರಿ ಖಾಲಿ ಮಾಡ್ತೀವಿ. ಹೊಸ ಬೆಡ್‌ನ ಬೆಲ್ ಒತ್ತಿದಾಗ ದೀಪ ಹತ್ತಿಸೋಕೆ ಓಡುವ ಕೋಡ್ ತುಣುಕು, ಕಾಲ್‌ಬ್ಯಾಕ್, ಮಾತ್ರ ಹಳೇ ಜಾಗವನ್ನೇ ಹಿಡ್ಕೊಂಡಿರುತ್ತೆ. ಮನೆ ಬಿಟ್ಟು ಹೋದವರ ಬಾಗಿಲು ಬಡಿದ ಹಾಗೆ. ಆ ಜಾಗದಲ್ಲಿ ಬೇರೇನಾದರೂ ಬಂದು ಕೂತರೆ — ಒತ್ತಿದ್ದು ದಾಖಲಾಗುತ್ತೆ, ದೀಪ ಇಲ್ಲ, ಸದ್ದೂ ಇಲ್ಲ.

ಅಜ್ಜಿಯನ್ನ ಅವತ್ತು ಬೆಳಗ್ಗೆ ತಾನೇ ನಾಲ್ಕನೇ ಬೆಡ್‌ನಿಂದ ಒಂಬತ್ತಕ್ಕೆ ಹಾಕಿದ್ದರು.

ಕೋಡ್ ಬರೆದವನು ನಾನೇ. ಸರಿಮಾಡೋಕೆ ಮೂರೇ ಸಾಲು. ಮೆಮೊರಿ ಖಾಲಿ ಮಾಡೋ ಮೊದಲು ಕಾಲ್‌ಬ್ಯಾಕ್ ಕಿತ್ತು ಹೊಸ ಬೆಡ್‌ಗೆ ಕಟ್ಟು. ಅಷ್ಟೇ.

ಹೆಂಡತಿ: “ಕೋಡ್ ಕೋಡ್ ಅಂತ ತಲೆಗೇ ಕೋಡು ಮೂಡುತ್ತೆ ನಿಮಗೆ, ಊಟಕ್ಕೆ ಬನ್ನಿ.” ನಗು ಬರಲಿಲ್ಲ.

ಮಾರ್ಚ್ 7

ಮ್ಯಾನೇಜರ್‌ಗೆ ಹೇಳಿದೆ. ಎದ್ದು ಬಾಗಿಲು ಹಾಕಿದರು.

“ಹೊಸ ವರ್ಷನ್‌ಗೆ ಸೇರಿಸಿ ಕಳಿಸಿಬಿಡಿ. ‘ಸಣ್ಣಪುಟ್ಟ ಸುಧಾರಣೆ’ ಅಂತ ಬರೀರಿ.”

“ಆ ನರ್ಸ್ ಗತಿ, ಸಾರ್?”

“ಸತ್ತವರು ಎದ್ದು ಬರ್ತಾರೇನ್ರಿ? ಇರಲಾರದೆ ಇರುವೆ ಬಿಟ್ಕೋಬೇಡಿ.”

ಬರೆದೆ. ಕಳಿಸಿದೆ.

ಮಾರ್ಚ್ 19

ವಿಳಾಸ ಹುಡುಕಿ ನರ್ಸ್ ಮನೆಗೆ ಹೋದೆ. ಬೆಲ್ ಕಂಪನಿಯವನು ಅಂದೆ. ಕೂರಿಸಿ ನೀರು ಕೊಟ್ಟರು.

“ಕಿವಿ ಎರಡು ಸಲ ಟೆಸ್ಟ್ ಮಾಡಿಸಿದೆ ಅಣ್ಣಾ. ಚೆನ್ನಾಗೇ ಇದೆಯಂತೆ. ಹಾಗಾದ್ರೆ ನನ್ನ ತಲೆನೇ ಸರಿಯಿಲ್ಲ ಅಲ್ವಾ? ಮನೇಲಿ ಮಗು ಅತ್ತರೂ ನಿಜವಾಗಲೂ ಅಳ್ತಿದೆಯಾ ಅಂತ ಅತ್ತೇನ ಕೇಳ್ತೀನಿ.”

ನೀರು ಕುಡಿದು ಎದ್ದು ಬಂದೆ. ಥೂ.

ಮಾರ್ಚ್ 22, ಬೆಳಗ್ಗೆ 11

ಆಸ್ಪತ್ರೆಗೆ ಇದ್ದದ್ದು ಇದ್ದ ಹಾಗೆ ಬರೆದು ಸಹಿ ಹಾಕಿ ಕೊಟ್ಟೆ. ಕೆಲಸ ಹೋಗುತ್ತೆ. ಹೋಗಲಿ. ನಕಲು ಹಿಡ್ಕೊಂಡು ನರ್ಸ್ ಮನೆಗೆ ಹೋದೆ. ಹೇಳಿದೆ — ನಿಮ್ಮ ಕಿವಿಯೂ ಸರಿ, ತಲೆಯೂ ಸರಿ, ಬೆಲ್ ಸದ್ದು ಮಾಡಲೇ ಇಲ್ಲ, ತಪ್ಪು ನಂದು.

ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಕಾಗದ ನೋಡಲೂ ಇಲ್ಲ.

“ಎಷ್ಟು ಸಲ ಒತ್ತಿದ್ರು ಅಜ್ಜಿ? ಅದನ್ನ ಯಾರೂ ಹೇಳಲೇ ಇಲ್ಲ ನಂಗೆ.”

ಹನ್ನೊಂದು ಅಂದೆ.

“ಹನ್ನೊಂದಾ...” ಅಂದವರು ಹೊಸ್ತಿಲ ಮೇಲೆ ಕೂತುಬಿಟ್ಟರು. ನಾನೂ ಅಲ್ಲೇ ಪಕ್ಕದಲ್ಲಿ ಕೂತೆ.