ಲಾಹೂನಿನ ಮಣ್ಣಿನ ಪಿರಮಿಡ್

ಸೀಬ್, ಒಮಾನ್
ಫೆಬ್ರವರಿ 8, 2025

ಭವ್ಯನ ಪಪ್ಪನಿಗೆ ಉಮಾವತಿ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಸಲಾಲಾದಲ್ಲಿ ಒಬ್ಬರೇ ಇದ್ದೇನೆಂದು ಮೂರು ಹೊತ್ತೂ ಹೋಟೆಲಿನ ಪರೋಟ ತಿನ್ನಬೇಡಿ. ರಾತ್ರಿಗಾದರೂ ಕುಚ್ಚಲಕ್ಕಿ ಗಂಜಿ ಬೇಯಿಸಿಕೊಳ್ಳಿ. ನಿಮ್ಮ ಆಫೀಸಿನ ಹರ್ಷಿತ್ ಇವತ್ತು ಅಲ್ಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಸಿಗಡಿ ಚಟ್ನಿಯನ್ನೂ ಈ ಕಾಗದವನ್ನೂ ಕೊಡುತ್ತಿದ್ದೇನೆ. ಈಜಿಪ್ಟ್ ಹೇಗಿತ್ತೆಂದು ನೀವು ಫೋನಿನಲ್ಲಿ ಕೇಳಿದಾಗ ಚಂದ ಇತ್ತು ಅಂದುಬಿಟ್ಟೆ. ಚಂದ ಇತ್ತೋ ಇಲ್ಲವೋ, ಬಂದು ಒಂದು ವಾರವಾದರೂ ನನಗೇ ತಿಳಿಯುತ್ತಿಲ್ಲ.

ಭವ್ಯ ನನ್ನನ್ನು ಕರೆದುಕೊಂಡು ಹೋದದ್ದು ಟಿವಿಯಲ್ಲಿ ತೋರಿಸುವ ಪಿರಮಿಡ್ಡುಗಳಿಗಲ್ಲ, ಅವಳ ತಂಡ ಉತ್ಖನನ ಮಾಡುತ್ತಿರುವ ಲಾಹೂನ್ ಎಂಬಲ್ಲಿಗೆ. ಹಸಿರು ಹೊಲ ಮುಗಿದು ಮರಳು ಶುರುವಾಗುವಲ್ಲಿ ಕಾರು ನಿಲ್ಲಿಸಿ, "ಬಂತು, ಇಳಿ" ಅಂದಳು. ಎದುರಿಗೆ ಮಳೆಗೆ ಕರಗಿದ ಹುತ್ತದಂಥ ಗುಡ್ಡವೊಂದು ಬಿಟ್ಟರೆ ಏನೂ ಇಲ್ಲ. ಪಿರಮಿಡ್ ಎಲ್ಲಿ ಎಂದು ಕೇಳಿದೆ. "ಇದೇ ಮಾರಾಯ್ತಿ ಅಮ್ಮ. ಇದು ಮಣ್ಣಿನ ಇಟ್ಟಿಗೆದ್ದು. ಹೊರಗಿನ ಕಲ್ಲೆಲ್ಲ ಹಿಂದಿನವರೇ ಕಿತ್ತುಕೊಂಡು ಹೋಗಿದ್ದಾರೆ" ಎಂದು ನಕ್ಕಳು. ಇದನ್ನು ಕೆದಕಲು ಮಗಳು ಅಷ್ಟು ವರ್ಷ ಓದಬೇಕಿತ್ತೇ ಎಂದು ಅನಿಸಿದ್ದು ನಿಜ.

ಅವಳ ಕೆಲಸ ಆ ಗುಡ್ಡದಲ್ಲೂ ಅಲ್ಲ, ಅದರಾಚೆ ಅದನ್ನು ಕಟ್ಟಿದ ಕೆಲಸಗಾರರು ಇದ್ದ ಮನೆಗಳ ಪಾಯದಲ್ಲಿ. ಒಂದು ಮನೆಯ ನೆಲದಡಿ ಆಗಷ್ಟೇ ಮರದ ಪೆಟ್ಟಿಗೆ ಸಿಕ್ಕಿತ್ತು. ಬಟ್ಟೆ ಇಡುವ ಪೆಟ್ಟಿಗೆಯಷ್ಟೇ. ಒಳಗೆ ಕೂಸಿನ ಎಲುಬು, ಕುತ್ತಿಗೆಯ ಹತ್ತಿರ ನಾವು ಕೂಸುಗಳಿಗೆ ಕಟ್ಟುವ ಕರಿಮಣಿಯ ಹಾಗೆ ಸಣ್ಣ ಮಣಿಗಳು. "ದೊಡ್ಡವರನ್ನು ಊರ ಹೊರಗೆ, ಕೂಸುಗಳನ್ನು ಮಾತ್ರ ಮನೆಯೊಳಗೇ ಇಡ್ತಿದ್ರು" ಅಂದಳು. ಹಾಗಾದರೆ ಆ ತಾಯಿ ದಿನಾ ಅದರ ಮೇಲೆಯೇ ನಡೆದಾಡುತ್ತಿದ್ದಳೇ? ಅಲ್ಲೇ ಒಲೆ ಹೊತ್ತಿಸಿ ಅಡುಗೆ ಮಾಡುತ್ತಿದ್ದಳೇ? ಅದು ಕಲ್ಲು ಮನಸ್ಸೋ, ಬಿಡಲಾರದ ಮನಸ್ಸೋ, ನನಗೆ ಈಗಲೂ ಗೊತ್ತಾಗಿಲ್ಲ. ಕಣ್ಣಲ್ಲಿ ನೀರು ಇಳಿಯತೊಡಗಿತು. ಬಿಸಿಲು ಹತ್ತಿತೇನೋ ಎಂದು ಭವ್ಯ ನೀರು ತಂದಳು. ಆಗ ನನ್ನ ಬಾಯಿಂದ ಬಂದುಬಿಟ್ಟಿತು: "ನಿನಗೊಬ್ಬ ಅಣ್ಣ ಇದ್ದ. ಹೆಸರಿಡುವ ಮೊದಲೇ ಹೋದ."

ಅವಳು ಕೈಯ ಬ್ರಷ್ ಕೆಳಗಿಟ್ಟು ನನ್ನ ಪಕ್ಕ ಮರಳಲ್ಲೇ ಕೂತಳು. ಬೈಯಲಿಲ್ಲ, ಅಳಲಿಲ್ಲ. "ನಂಗೆ ಗೊತ್ತಾಯ್ತು ಅಂತ ಪಪ್ಪನಿಗೂ ಹೇಳು" ಅಂದಳು. ಹಾಗಾಗಿ ಹೇಳುತ್ತಿದ್ದೇನೆ. ನಿಮಗೆ ಕೋಪ ಬರುತ್ತದೋ, ಹಗುರಾಗುತ್ತದೋ, ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಅಂದಾಜಿಲ್ಲ.

ಮನೆಯ ದೈವಗಳು ನಿಮ್ಮ ಬೆನ್ನಿಗಿರಲಿ. ಮಂಡಿಗೆ ಎಣ್ಣೆ ಹಚ್ಚಿಯೇ ಮಲಗಿ.

ಇತಿ,
ನಿಮ್ಮ ಉಮಾವತಿ

ತಾ.ಕ.: ಹರ್ಷಿತ್ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಅಣ್ಣನನ್ನು ಎಲ್ಲಿ ಮಲಗಿಸಿದ್ದೀರಿ ಎಂದು ಭವ್ಯ ಅಲ್ಲಿ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಆವತ್ತು ನಾನು ಇಲ್ಲಿಯ ಆಸ್ಪತ್ರೆಯಲ್ಲಿದ್ದೆ, ನೀವೊಬ್ಬರೇ ಎತ್ತಿಕೊಂಡು ಹೋದಿರಿ. ನಿಮಗೆ ನೋವಾಗಬಾರದೆಂದು ನಾನು ಕೇಳಲೇ ಇಲ್ಲ. ಈ ವರ್ಷ ವೀಸಾ ಮುಗಿಸಿ ಊರಿಗೆ ಹೋಗುವ ಮೊದಲು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಗುರುತು ಉಳಿದಿಲ್ಲದಿದ್ದರೂ ಸರಿ. ಇಲ್ಲೇ ಎಲ್ಲೋ ಎಂದು ನೀವು ಕೈ ತೋರಿಸಿದರೆ ಸಾಕು.