ನೆಟ್ ಕೆಟ್ಟಿದ್ದು ಅತ್ತೆಯಿಂದಲ್ಲ

ಜುಲೈ ೧೭, ಗುರುವಾರ. ಬಂಗಾರಪೇಟೆ

ಅತ್ತೆಯ ಮೇಲೆ ಇವತ್ತು ಹಾಗೆ ಕೂಗಬಾರದಿತ್ತು.

ಬೆಳಿಗ್ಗೆಯಿಂದ ನೆಟ್ ತೆವಳುತ್ತಿತ್ತು. ಆನ್‌ಲೈನ್ ಟ್ಯೂಷನ್‌ನಲ್ಲಿ ಮಕ್ಕಳ ಮುಖಗಳು ನಿಂತು ನಿಂತು ಬರುತ್ತಿದ್ದವು. ಪಕ್ಕದ ಕೋಣೆಯಲ್ಲಿ ಅತ್ತೆ ತಮ್ಮ ಅಕ್ಕನ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು. ಆ ಅಕ್ಕ, ನಮ್ಮ ನರಸಮ್ಮ ದೊಡ್ಡಮ್ಮ, ಚಾಂಪಿಯನ್ ರೀಫ್ಸ್‌ನ ತಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ.

"ನಿಮ್ಮ ಕಾಲ್‌ನಿಂದಲೇ ಎಲ್ಲಾ ಕೆಡ್ತಿರೋದು, ಇಡಿ ಅದನ್ನ!" ಎಂದೆ. ಅಕ್ಕನ ಮಾತು ಮುಗಿಯುವ ಮೊದಲೇ ಅತ್ತೆ ಫೋನ್ ಇಟ್ಟರು.

ಆದರೂ ನೆಟ್ ಸರಿಹೋಗಲಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದೆ, ವೈರು ಕಿತ್ತು ಸಿಕ್ಕಿಸಿದೆ. ಕೊನೆಗೆ ನೋಡಿದರೆ, ನಾದಿನಿ ಮದುವೆಯ ವಿಡಿಯೋಗಳನ್ನೆಲ್ಲ ನನ್ನ ಮೊಬೈಲೇ ತಾನಾಗಿ ಅಪ್‌ಲೋಡ್ ಮಾಡುತ್ತ ಕೂತಿತ್ತು. ಅದನ್ನು ನಿಲ್ಲಿಸಿದ ಕೂಡಲೇ ಎಲ್ಲ ಸರಾಗ.

"ನೆಟ್ ಸರಿಯಾಯ್ತು ಅತ್ತೆ, ಮಾತಾಡಿ" ಎಂದೆ. ಯಾಕೆ ಕೆಟ್ಟಿತ್ತು ಅಂತ ಮಾತ್ರ ಹೇಳಲಿಲ್ಲ.

ಸಂಜೆ ಮತ್ತೆ ವಿಡಿಯೋ ಕಾಲ್ ಮಾಡಿ ಅವರು ಅಕ್ಕನಿಗೆ ಹೇಳುತ್ತಿದ್ದರು: "ನನ್ನಿಂದ ಸೊಸೆ ಕೆಲ್ಸ ಕೆಟ್ಟೋಯ್ತು ಕಣಕ್ಕ. ಇನ್ಮೇಲೆ ಮುಖ ನೋಡ್ಕಂಡು ಬ್ಯಾಡ, ಬರೀ ಫೋನಲ್ಲೇ ಮಾತಾಡಾನ."

ದೊಡ್ಡಮ್ಮನಿಗೆ ಕಿವಿ ಮಂದ. ತಂಗಿಯ ತುಟಿ ನೋಡಿಯೇ ಅವರು ಮಾತು ಹಿಡಿಯುವುದು.

ಒಳಗೆ ಹೋಗಿ ಹೇಳಿಬಿಡಬೇಕಿತ್ತು. ಬಾಗಿಲವರೆಗೂ ಹೋದವಳು, ಒಲೆಯ ಮೇಲೆ ಹಾಲಿದೆ ಅಂದುಕೊಂಡು ವಾಪಸ್ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.